ಅರ್ಧ ಅಣ್ಣ, ಅರ್ಧ ತಮ್ಮ

ಇದು ನಿಜವಾಗಿ ನಡೆದ ಸಂಗತಿ. ನಂಬದವರಿಗೆ ಬಲವಂತವಿಲ್ಲ, ಅನುಮಾನಕ್ಕನ ಕಥೆಯನ್ನು ಯಾರಾದರೂ ಅನುಮಾನವೇ ಪಡದೆ ಓದಿ ಮುಗಿಸಿದರೆ ಅದು ಆಕೆಗೇ ಅವಮಾನ.

ಅನುಮಾನಕ್ಕ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಹಕ್ಕಿಗಳ ಸಂಶೋಧನಾ ಕೇಂದ್ರದಲ್ಲಿ ಜೊತೆಗೆ ಕೆಲಸ ಮಾಡುವವರು ಮೊದಮೊದಲು ಬೆನ್ನ ಹಿಂದೆ ಕರೆದದ್ದು, ಆಮೇಲೆ ಧೈರ್ಯ ಬಂದು ಮುಖದೆದುರೇ ಕರೆದದ್ದು. ತಕ್ಕಡಿ ತೂಕ ತೋರಿಸಿದರೆ ಮೊದಲು ತಕ್ಕಡಿಯನ್ನೇ ತೂಗಿ ನೋಡಬೇಕೆನ್ನುವ ಹೆಂಗಸು ಅವಳು. ಯಾರಾದರೂ ನಮಸ್ಕಾರ ಅಂದರೆ "ಏನಾಗಬೇಕಿತ್ತು?" ಎನ್ನುವವಳು. ಒಮ್ಮೆ ಗಂಡ, "ಇವತ್ತು ನೀನು ತುಂಬಾ ಚೆನ್ನಾಗಿ ಕಾಣ್ತಿದ್ದೀಯ" ಎಂದದ್ದೇ ತಡ, ನೆಟ್ಟಗೆ ಅಡುಗೆಮನೆಗೆ ಹೋಗಿ ಏನು ಒಡೆದಿದೆ ಎಂದು ಹುಡುಕಿದ್ದಳು. ಗಾಜಿನ ಜಾಡಿ ಒಡೆದಿತ್ತು ಕೂಡ.

ಅವಳ ಕೆಲಸ ಎರಡು ಹಾಡುಹಕ್ಕಿಗಳನ್ನು ಹೋಲಿಸುವುದು. ಎರಡಕ್ಕೂ ಬಾಡುತ್ತಿರುವ ಎಲೆಯಂಥ ಹಸಿರು ಬೆನ್ನು, ಮಾಸಲು ಹಳದಿ ಹೊಟ್ಟೆ, ಕಣ್ಣಿನ ಮೇಲೆ ತೆಳ್ಳನೆಯ ಬಿಳಿ ಹುಬ್ಬು. ರೆಕ್ಕೆ ಅಳೆದರೂ ಅಷ್ಟೆ, ಕೊಕ್ಕು ಅಳೆದರೂ ಅಷ್ಟೆ. ಕೊಕ್ಕಿನಲ್ಲಿ ಅವಳು ಎಷ್ಟು ಕೊಕ್ಕೆ ಹುಡುಕಿದರೂ ಒಂದರ ಅಳತೆ ಇನ್ನೊಂದರ ಅಳತೆಯೊಳಗೆ ನುಸುಳಿ ಕೂರುತ್ತಿತ್ತು. ಪುಸ್ತಕಗಳಲ್ಲಿ ಎರಡಕ್ಕೂ ಸೇರಿ ಒಂದೇ ಹೆಸರು. ಕೇಂದ್ರದವರು ಮಾತ್ರ ಎತ್ತರದ ಮರಗಳ ನೆತ್ತಿಯಲ್ಲಿ ಕೂರುವವನನ್ನು ಅಣ್ಣ ಎಂದೂ ಕೊಳದ ಬದಿಯ ಪೊದೆಯಲ್ಲಿ ಅಡಗುವವನನ್ನು ತಮ್ಮ ಎಂದೂ ಕರೆಯುತ್ತಿದ್ದರು. ನಿಜವಾದ ವ್ಯತ್ಯಾಸ ಇದ್ದದ್ದು ಗಂಟಲಿನಲ್ಲಿ. ಅಣ್ಣ "ತೀ ತೀ ತುವೀ?" ಎಂದು ಪ್ರಶ್ನೆ ಕೇಳಿದವನಂತೆ ದನಿಯನ್ನು ಮೇಲೆತ್ತಿ ಅಲ್ಲೇ ನೇತುಹಾಕುತ್ತಿದ್ದ. ತಮ್ಮ "ಟಿರ್ರಿರಿರಿ ಟುಂಯ್" ಎಂದು ಮೆಟ್ಟಿಲ ಮೇಲಿಂದ ಗೋಲಿ ಉರುಳಿಬಿಟ್ಟ ಹಾಗೆ ಕೆಳಗಿಳಿಸುತ್ತಿದ್ದ.

ಇವು ಒಂದೇ ಜಾತಿಯೋ ಎರಡೋ? ಅದನ್ನು ತಿಳಿಯುವ ದಾರಿ ಹಕ್ಕಿಗಳನ್ನೇ ಕೇಳುವುದು. ಗಂಡುಹಕ್ಕಿಯೊಂದರ ಜಾಗಕ್ಕೆ ಹೋಗಿ ಸ್ಪೀಕರಿನಲ್ಲಿ ಇನ್ನೊಂದು ಗಂಡಿನ ಹಾಡು ಹಾಕಬೇಕು. ಅದು ತನ್ನ ಜಾತಿಯವನ ದನಿಯಾದರೆ, ಆಸ್ತಿಗೆ ಪಾಲು ಕೇಳಲು ದಾಯಾದಿ ಬಂದನೆಂದು ಗರಿಗೆದರಿಕೊಂಡು ಜಗಳಕ್ಕೆ ಬರುತ್ತದೆ. ಬೇರೆ ಜಾತಿಯದಾದರೆ ಪಕ್ಕದ ಮನೆಯ ರೇಡಿಯೋ ಎಂದುಕೊಂಡು ಸುಮ್ಮನಿರುತ್ತದೆ. ಅನುಮಾನಕ್ಕ ಮೂರು ವರ್ಷ ಬಿಸಿಲು ಸೊಳ್ಳೆಗಳ ನಡುವೆ ಇದೇ ಪಂಚಾಯಿತಿ ನಡೆಸಿದ್ದಳು. ತಮ್ಮನ ಹಾಡಿಗೆ ಅಣ್ಣ ಬರಲಿಲ್ಲ. ಅಣ್ಣನ ಹಾಡಿಗೆ ತಮ್ಮ ಬರಲಿಲ್ಲ. ಹಾಗಾಗಿ ಜಾತಿ ಎರಡು ಎಂದು ಅವಳು ಪ್ರಬಂಧ ಬರೆದಿಟ್ಟಿದ್ದಳು.

ಅದಕ್ಕೆ ಅಡ್ಡ ಬಂದವರು, ಕೇಂದ್ರದವರೆಲ್ಲ 'ಒಂದೇ ಸಾರ್' ಎಂದು ಕರೆಯುವವರು. ಹಿರಿಯ ಸಂಶೋಧಕರು, ವಯಸ್ಸಿನಲ್ಲಿದ್ದಾಗ ಈ ಎರಡೂ ಹಕ್ಕಿ ಒಂದೇ ಎಂದು ಬರೆದವರು. ಅಂದಿನಿಂದ ಅವರಿಗೆ ಒಂದೇ ಮಾತು, ಒಂದೇ ಬಣ್ಣದ ಅಂಗಿ, ಒಂದೇ ಆಕ್ಷೇಪ. "ಹಕ್ಕಿ ಬರಲಿಲ್ಲ ಅಂದ್ರೆ ಏನಮ್ಮಾ ಅರ್ಥ? ಆ ಹೊತ್ತಿಗೆ ಅದಕ್ಕೆ ಮೂಡ್ ಇರಲಿಲ್ಲ ಅಂತ ಅರ್ಥ. ನನಗೂ ಬೆಳಗ್ಗೆ ಯಾರಾದ್ರೂ ಕೂಗಿದ್ರೆ ನಾನು ಬಾಗಿಲು ತೆಗೆಯಲ್ಲ."

ಶುಕ್ರವಾರ ಕೇಂದ್ರದ ನಿರ್ದೇಶಕಿ, ಎಲ್ಲರ ಬಾಯಲ್ಲಿ ದೊಡ್ಡ ಮೇಡಂ, ಇಬ್ಬರ ವಾದವನ್ನೂ ಕೇಳಿ ಪ್ರಬಂಧವನ್ನು ಕೇಂದ್ರದ ಹೆಸರಿನಲ್ಲಿ ಕಳಿಸಬೇಕೋ ಬೇಡವೋ ತೀರ್ಮಾನಿಸುವವರಿದ್ದರು. ಕಳಿಸಿದರೆ ಅನುಮಾನಕ್ಕನ ಮೂರು ವರ್ಷ ಸಾರ್ಥಕ. ಇಲ್ಲವಾದರೆ ಆ ಮೂರು ವರ್ಷಕ್ಕೆ ಸೊಳ್ಳೆಗಳನ್ನು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ.

ಆ ವಾರದ ಆರಂಭದಲ್ಲೇ ಎಡವಟ್ಟಾಯಿತು.

ಮರಗಳಿಗೂ ಪೊದೆಗೂ ನಡುವಿನ ಬಿದಿರುಮೆಳೆಯಲ್ಲಿ ಒಂದು ರೆಕಾರ್ಡರ್ ತೂಗುಹಾಕಿದ್ದರು. ಅದರಿಂದ ಬಂದ ದನಿಗಳನ್ನು ಬೆಳಗ್ಗೆ ಹೆಡ್‌ಫೋನ್ ಹಾಕಿಕೊಂಡು ಕೇಳುವುದು ಅವಳ ದಿನಚರಿ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವವರಿದ್ದಾರೆ. ಇವಳು ಕಿವಿಗೆ ಬಿಟ್ಟುಕೊಂಡವಳು. ಕಾಗೆ, ಲಾರಿ, ಯಾರದೋ ಸೀನು, ಮತ್ತೆ ಕಾಗೆ. ಆಮೇಲೆ ಅಣ್ಣ. "ತೀ ತೀ ತುವೀ? ತೀ ತೀ ತುವೀ?" ಸ್ವಲ್ಪ ಹೊತ್ತು ಹಾಡಿದ ಅಣ್ಣ, ದನಿ ಎಲ್ಲೂ ತುಂಡಾಗದೆ, ಉಸಿರು ಬದಲಿಸದೆ, ಬೆಣ್ಣೆಯ ಮೇಲೆ ಜಾರಿದ ಹಾಗೆ ಜಾರಿ "ಟಿರ್ರಿರಿರಿ ಟುಂಯ್, ಟಿರ್ರಿರಿರಿ ಟುಂಯ್" ಎಂದು ತಮ್ಮನಾಗಿಬಿಟ್ಟ.

ಅವಳು ಹೆಡ್‌ಫೋನ್ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಅದೇ. ಎರಡು ಹಕ್ಕಿ ಒಂದರ ಹಿಂದೊಂದು ಹಾಡಿರಬಹುದೇ? ಇಲ್ಲ, ದೂರ ಒಂದೇ, ಜೋರು ಒಂದೇ, ಮೇಲಿನ ದನಿ ಕೆಳಗಿನ ದನಿಗೆ ಕೈ ಕೊಟ್ಟು ಇಳಿಸಿಕೊಂಡಿತ್ತು. ಇದು ಒಂದೇ ಗಂಟಲು. ಒಂದು ಹಕ್ಕಿ ಎರಡೂ ಹಾಡು ಹಾಡಬಲ್ಲುದಾದರೆ ಜಾತಿ ಎರಡು ಎಂದು ಯಾವ ಮುಖ ಹೊತ್ತು ಹೇಳುವುದು? ಅದರ ಬೆನ್ನಿಗೇ ಅವಳ ಹಳೆಯ ಗೆಳೆಯ ಅನುಮಾನ ಬಂದು ಪಕ್ಕದ ಕುರ್ಚಿ ಎಳೆದು ಕುಳಿತ. ಮೂರು ವರ್ಷದಲ್ಲಿ ಒಮ್ಮೆಯೂ ಹಾಡದ ಹಕ್ಕಿ, ಸರಿಯಾಗಿ ಇದೇ ವಾರ ನೋಡಿಕೊಂಡು ಹಾಡಿತೇ, ಇಲ್ಲ ಯಾರಾದರೂ ಸಿಳ್ಳೆ ಹಾಕಿದರೇ?

"ಏನಮ್ಮಾ, ಬೆಳಗ್ಗೆ ಬೆಳಗ್ಗೆ ಮುಖ ಹರಳೆಣ್ಣೆ ಕುಡಿದ ಹಾಗಿದೆ?" ಬಾಗಿಲಲ್ಲಿ ಒಂದೇ ಸಾರ್. ಕೈಯಲ್ಲಿ ಎರಡು ಲೋಟ ಟೀ.

ಎರಡು ಲೋಟ! ತಮ್ಮ ಒಂದು ಲೋಟದ ಹೊರತು ಇನ್ನೊಂದನ್ನು ಮುಟ್ಟಿದವರಲ್ಲ ಅವರು.

"ಇದೇನು ಸಾರ್, ಟೀ?"

"ಕುಡಿಯೋದು ಅದು. ತಗೋ. ಏನಾದ್ರೂ ಹೊಸದು ಸಿಕ್ತಾ?"

"ಏನು ಸಿಗಬೇಕಿತ್ತು?"

"ಸುಮ್ನೆ ಕೇಳಿದೆ."

"ಸುಮ್ನೆ ಯಾಕೆ ಕೇಳಿದ್ರಿ?"

ಒಂದೇ ಸಾರ್ ಲೋಟವನ್ನು ಮೇಜಿನ ಮೇಲಿಟ್ಟು, ಕಚ್ಚುವ ನಾಯಿಯ ಮುಂದಿನಿಂದ ಸರಿಯುವವರಂತೆ ಹಿಮ್ಮುಖವಾಗಿ ಹೋದರು. ಅವಳು ಟೀಯನ್ನು ಮೂಸಿ ನೋಡಿದಳು. ಕಿಟಕಿಯ ಹೊರಗಿನ ಕುಂಡಕ್ಕೆ ಸುರಿದಳು. ಗಿಡ ಬಾಡುತ್ತದೆಯೋ ಎಂದು ಮಧ್ಯಾಹ್ನದವರೆಗೆ ನೋಡಿದಳು. ಬಾಡಲಿಲ್ಲ. ಅದೂ ಅನುಮಾನಕ್ಕೆ ಎಡೆಮಾಡಿತು.

ಆದರೆ ಒಂದೇ ಸಾರ್‌ಗೆ ಸಿಳ್ಳೆ ಬರುತ್ತಿರಲಿಲ್ಲ. ಕೇಂದ್ರದಲ್ಲಿ ಸಿಳ್ಳೆ ಬರುವವನು ಒಬ್ಬನೇ, ಅವನು ಅವಳ ಮನೆಯಲ್ಲೇ ಇದ್ದ: ಮೈದುನ. ರೆಕಾರ್ಡರುಗಳನ್ನು ಮರಕ್ಕೆ ಕಟ್ಟುವುದು, ಬಿಚ್ಚುವುದು, ರಿಪೇರಿ ಮಾಡುವುದು ಅವನ ಕೆಲಸ. ಎದುರಿಗೆ ಬಂದವರ ದನಿಯನ್ನೆಲ್ಲ ಕದಿಯುವುದು ಅವನ ಚಟ. ಅವನನ್ನು ಎಲ್ಲರೂ ಪೀಪಿ ಎನ್ನುತ್ತಿದ್ದರು. ಹಿಂದೊಮ್ಮೆ ಇಂಟರ್‌ಕಾಮಿನಲ್ಲಿ ದೊಡ್ಡ ಮೇಡಂ ದನಿಯಲ್ಲಿ, "ಇವತ್ತು ಎಲ್ಲರೂ ಬೇಗ ಮನೆಗೆ ಹೋಗಿ" ಎಂದುಬಿಟ್ಟಿದ್ದ. ಕೇಂದ್ರವೇ ಖಾಲಿಯಾಯಿತು. ಮೇಡಂ ಅವರ ಡ್ರೈವರೂ ಹೋಗಿದ್ದರಿಂದ ಅವರು ಮನೆಗೆ ನಡೆದುಕೊಂಡೇ ಹೋಗಬೇಕಾಯಿತು. ಆ ನಡಿಗೆಯ ಬಿಸಿ ಪೀಪಿಗೆ ಮುಂದೆ ತಿಂಗಳುಗಟ್ಟಲೆ ತಟ್ಟಿತ್ತು.

ಸಂಜೆ ಊಟದ ಮೇಜಿನ ಬಳಿ ಅವಳು ಮೈದುನನನ್ನೇ ನೋಡುತ್ತ ಕುಳಿತಳು. ಬಚ್ಚಲಲ್ಲಿ, ಮೆಟ್ಟಿಲಲ್ಲಿ, ಬಾಯಲ್ಲಿ ಅನ್ನವಿದ್ದಾಗಲೂ ಸಿಳ್ಳೆ ಹಾಕುವ ಪ್ರಾಣಿ. ಇವತ್ತು ತುಟಿಗೆ ಬೀಗ ಜಡಿದುಕೊಂಡಿತ್ತು.

"ಏನಪ್ಪಾ, ಇವತ್ತು ಪೀಪಿ ಊದ್ತಾನೇ ಇಲ್ಲ?"

"ಗಂಟಲು ಸರಿಯಿಲ್ಲ ಅತ್ತಿಗೆ."

"ಸಿಳ್ಳೆ ಹಾಕೋದು ತುಟಿಯಲ್ಲಲ್ವಾ?"

ಅವನಿಗೆ ನೆತ್ತಿಗೇರಿತು. ಅಣ್ಣ ಎನಿಸಿಕೊಂಡವನು, ಅಂದರೆ ಅವಳ ಗಂಡ, ಬೆನ್ನು ತಟ್ಟಿ ನೀರು ಕೊಟ್ಟ.

"ಬಿಡೇ, ಊಟ ಮಾಡೋವಾಗಲಾದ್ರೂ ಅವನನ್ನ ಬಿಡು."

"ನೀವು ಸುಮ್ನಿರಿ. ನೀವೂ ಲಿಸ್ಟಲ್ಲಿದ್ದೀರಿ."

"ನಾನಾ? ನಾನು ಬ್ಯಾಂಕಲ್ಲಿ ಕೆಲಸ ಮಾಡೋನು ಕಣೇ! ನಿನ್ನ ಹಕ್ಕಿ ಯಾವುದು ಅಂತಾನೂ ಗೊತ್ತಿಲ್ಲ."

"ಅದನ್ನೇ ನಾನೂ ಯೋಚಿಸ್ತಿರೋದು. ಮೂರು ವರ್ಷ ಆದ್ರೂ ಯಾಕೆ ಗೊತ್ತಿಲ್ಲ?" ಎಂದವಳು ಮೈದುನನ ಕಡೆ ತಿರುಗಿದಳು. "ಎಲ್ಲಿ, ಅಣ್ಣನ ಹಾಡು ಹಾಡು ನೋಡೋಣ."

"ಯಾವ ಅಣ್ಣ, ಇವನಾ?"

"ತಮಾಷೆ ಸಾಕು. ಹಾಡು."

ಪೀಪಿ ತುಟಿ ಚೂಪು ಮಾಡಿ ಊದಿದ. ಹಬೆ ಹೋಗುವ ಕುಕ್ಕರಿಗೆ ನೆಗಡಿಯಾದಂಥ ಸದ್ದು ಬಂತು. ಗಂಡ ನಕ್ಕ. ಅನುಮಾನಕ್ಕ ನಗಲಿಲ್ಲ. ಅವನು ಸ್ವರಗಳನ್ನು ತಪ್ಪಿಸಿದ್ದು ಸರಿಯಾಗಿ ತಪ್ಪಿಸಬೇಕಾದ ಜಾಗಗಳಲ್ಲೇ. ಒಂದೂ ಸ್ವರ ಅಪ್ಪಿತಪ್ಪಿಯೂ ಸರಿ ಬಂದಿರಲಿಲ್ಲ.

"ಇಷ್ಟು ಕೆಟ್ಟದಾಗಿ ಹಾಡೋಕೆ ಹಾಡು ಎಷ್ಟು ಚೆನ್ನಾಗಿ ಗೊತ್ತಿರಬೇಕು!" ಎಂದಳು.

ಮೈದುನ ತಟ್ಟೆಯಲ್ಲಿ ಮುಖ ಹುದುಗಿಸಿದ. ಅವಳ ಅನುಮಾನ ಅವನ ಮೇಲೆ ಗೂಡು ಕಟ್ಟಿತು. ಆದರೆ ಗೂಡು ಕಟ್ಟಿದರೆ ಸಾಕೇ, ಮೊಟ್ಟೆ ಬೇಡವೇ? ಸಾಕ್ಷಿ ಒಂದೂ ಇರಲಿಲ್ಲ.

ಮರುದಿನ ಅವಳು ಕೇಂದ್ರಕ್ಕೆ ಬರುವಷ್ಟರಲ್ಲಿ ಕೆಲಸ ಕೆಟ್ಟಿತ್ತು. ದನಿಗಳೆಲ್ಲ ಇರುತ್ತಿದ್ದದ್ದು ಎಲ್ಲರೂ ಬಳಸುವ ಕಂಪ್ಯೂಟರಿನಲ್ಲಿ. ಒಂದೇ ಸಾರ್ ಅದನ್ನು ಕೇಳಿಬಿಟ್ಟಿದ್ದರು. ಕೇಳಿದ್ದಲ್ಲದೆ ದೊಡ್ಡ ಮೇಡಂಗೂ ಕೇಳಿಸುತ್ತಿದ್ದರು. ಅವರ ಮುಖ ಮೊಮ್ಮಗ ಹುಟ್ಟಿದ ಸುದ್ದಿ ಬಂದವರ ಹಾಗಿತ್ತು.

"ಕೇಳಿ ಮೇಡಂ, ಕೇಳಿ! ಒಂದೇ ಬಾಯಿ, ಎರಡು ಹಾಡು. ನಾನು ಆವತ್ತಿಂದ ಬಡ್ಕೊಳ್ತಿದ್ದೀನಿ. ಒಂದೇ, ಒಂದೇ, ಒಂದೇ!"

ದೊಡ್ಡ ಮೇಡಂ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. "ಇದು ನಿನ್ನೆಯೇ ನಿಮ್ಮ ಕೈಗೆ ಬಂದಿತ್ತಂತಲ್ಲ. ನನಗೆ ಯಾಕೆ ಹೇಳಲಿಲ್ಲ?"

ಎಲ್ಲರನ್ನೂ ಶಂಕಿಸುವವಳನ್ನೇ ಈಗ ಇನ್ನೊಬ್ಬರು ಶಂಕಿಸುತ್ತಿದ್ದರು. ಅದು ಹೇಗಿರುತ್ತದೆಂದು ಅವಳಿಗೆ ಅಂದೇ ಗೊತ್ತಾದದ್ದು. ಹೊಸ ಚಪ್ಪಲಿಯ ಹಾಗೆ ಎಲ್ಲ ಕಡೆಯೂ ಕಚ್ಚಿತು.

"ಮೇಡಂ, ಇದು ಹಕ್ಕಿ ಅಲ್ಲ. ಮನುಷ್ಯನ ಸಿಳ್ಳೆ."

ಮೂಲೆಯಲ್ಲಿ ವೈರು ಸುತ್ತುತ್ತಿದ್ದ ಪೀಪಿಯ ಕೈ ನಿಂತಿತು.

"ಸಾಕ್ಷಿ?"

"ಹಕ್ಕಿನೇ ಕೇಳೋಣ." ಅವಳು ಯೋಚಿಸುವುದಕ್ಕೆ ಮೊದಲೇ ಮಾತು ಬಾಯಿಂದ ಹಾರಿಹೋಗಿತ್ತು. "ಮನುಷ್ಯನ ಸಿಳ್ಳೆಗೆ ಅಣ್ಣ ಮೋಸಹೋಗಲ್ಲ. ಅವನ ಮರದ ಕೆಳಗೆ ಇದನ್ನ ಹಾಕೋಣ. ಅವನು ಜಗಳಕ್ಕೆ ಬಂದ್ರೆ ಇದು ಹಕ್ಕಿಯ ಹಾಡೇ ಅಂತ ಒಪ್ಕೊಂಡು, ನನ್ನ ಪ್ರಬಂಧ ನಾನೇ ವಾಪಸ್ ತಗೋತೀನಿ. ಬರದಿದ್ರೆ ಇಲ್ಲಿ ಯಾರೋ ನಮ್ಮ ಕಿವಿಗೆ ಹೂವಿಟ್ಟಿದ್ದಾರೆ ಅಂತ ಅರ್ಥ."

"ಆಗಬಹುದು," ಎಂದರು ಒಂದೇ ಸಾರ್, ಮೇಡಂ ಬಾಯಿ ತೆರೆಯುವ ಮೊದಲೇ.

ಎಲ್ಲರೂ ಹೊರಟರು. ಕೇಂದ್ರದ ಹಿಂದಿನ ದಾರಿಯಲ್ಲಿ ಪೀಪಿ ಸ್ಪೀಕರ್ ಹೊತ್ತುಕೊಂಡು ಅವಳ ಪಕ್ಕಕ್ಕೆ ಬಂದ. "ಅತ್ತಿಗೆ, ಒಂದು ನಿಮಿಷ..."

"ನಡಿ ನಡಿ. ನಿನ್ನ ಹಣೆಬರಹ ಅಣ್ಣ ಓದ್ತಾನೆ."

ದೊಡ್ಡ ಮರದ ತಗ್ಗಿನ ಕೊಂಬೆಗೆ ಸ್ಪೀಕರ್ ತೂಗುಹಾಕಿ ನಾಲ್ವರೂ ದೂರದ ಕಲ್ಲುಗೋಡೆಯ ಹಿಂದೆ ಕುಕ್ಕರುಗಾಲಲ್ಲಿ ಕುಳಿತರು. ಅನುಮಾನಕ್ಕ ಗುಂಡಿ ಒತ್ತಿದಳು. "ತೀ ತೀ ತುವೀ?"

ಎರಡನೆಯ ಪ್ರಶ್ನೆ ಮುಗಿಯುವ ಮೊದಲೇ ನೆತ್ತಿಯಿಂದ ಹಸಿರು ಕಲ್ಲಿನಂತೆ ಬಿದ್ದ ಅಣ್ಣ, ಸ್ಪೀಕರಿನ ಮೇಲೆ ಕುಳಿತು, ಗರಿಗಳನ್ನೆಲ್ಲ ಉಬ್ಬಿಸಿ, ಕೊಕ್ಕಿನಿಂದ ಅದರ ಜಾಲರಿಯನ್ನು ಟಕಟಕ ಕುಟ್ಟಿದ.

ಅನುಮಾನಕ್ಕ ತಾನೇ ಹಾಕಿದ ಪಂದ್ಯ, ತಾನೇ ಸೋತದ್ದು. ಪಕ್ಕದಲ್ಲಿ ಒಂದೇ ಸಾರ್ "ಬಂದ! ಬಂದ!" ಎಂದು ಮೇಡಂ ಅವರ ತೋಳನ್ನೇ ಹಿಡಿದು ಅಲ್ಲಾಡಿಸುತ್ತಿದ್ದರು. ಹಾಡು ಜಾರಿ ತಮ್ಮನದಾಯಿತು. ಅಣ್ಣ ಕುಟ್ಟುವುದನ್ನು ನಿಲ್ಲಿಸಿದ, ಅತ್ತಿತ್ತ ನೋಡಿದ, ರೆಕ್ಕೆಯ ಅಡಿಯಲ್ಲಿ ಕೆರೆದುಕೊಂಡ, ಹಾರಿಹೋದ. ಅವಳು ಅದನ್ನು ನೋಡಿದಳು. ಆದರೆ ಕಣ್ಣಿನಲ್ಲಿ ನೀರಿದ್ದಾಗ ನೋಡಿದ್ದು ತಲೆಗೆ ಹೋಗುವುದಿಲ್ಲ.

"ಸರಿ ಮೇಡಂ," ಎಂದಳು. "ಮಾತು ಮಾತೇ. ಪ್ರಬಂಧ ವಾಪಸ್..."

"ಅದು ನಾನೇ ಅತ್ತಿಗೆ!"

ಪೀಪಿ ಎದ್ದು ನಿಂತಿದ್ದ. ಮುಖ ಬಿಳಿಚಿತ್ತು. "ನಾನೇ ಸಿಳ್ಳೆ ಹಾಕಿದ್ದು. ಬಿದಿರುಮೆಳೆ ಹತ್ರ ರೆಕಾರ್ಡರ್ ಕಟ್ಟೋವಾಗ ಸುಮ್ನೆ ತಮಾಷೆಗೆ. ನೀವು ಕೇಳಿ ಕಕ್ಕಾಬಿಕ್ಕಿ ಆಗ್ತೀರಿ, ಟೀ ಹೊತ್ತಿಗೆ ಹೇಳಿ ಬೈಸ್ಕೊಳ್ಳೋಣ ಅಂತಿದ್ದೆ. ನೀವು ನೋಡಿದ್ರೆ ಟೀನೂ ಕುಡೀಲಿಲ್ಲ, ಗಿಡಕ್ಕೆ ಹಾಕಿದ್ರಿ. ಆಮೇಲೆ ಬಾಯಿ ಬಿಡೋಕೆ ಹೆದರಿಕೆ ಆಯ್ತು."

ನಿನ್ನೆಯಿಂದ ಇವನೇ ಎಂದು ಹಲ್ಲು ಕಡಿಯುತ್ತಿದ್ದ ಅನುಮಾನಕ್ಕ ಈಗ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಸುಳ್ಳು ಹೇಳಬೇಡ."

"ಅಯ್ಯೋ, ಸುಳ್ಳಲ್ಲ!"

"ನನ್ನ ಮುಖ ನೋಡಿ ಪಾಪ ಅನ್ನಿಸಿ ತಪ್ಪು ಮೈಮೇಲೆ ಹಾಕ್ಕೊಳ್ತಿದ್ದೀಯ. ನನಗೆ ಗೊತ್ತಾಗಲ್ವಾ? ನಿನ್ನ ಕರುಣೆ ಬೇಡ."

"ಅತ್ತಿಗೆ, ಮುಚ್ಚಿಟ್ಟಾಗ ನಂಬಲ್ಲ ಸರಿ. ಒಪ್ಕೊಂಡ್ರೂ ನಂಬಲ್ಲ ಅಂದ್ರೆ ನಾನು ಎಲ್ಲಿಗೆ ಹೋಗಲಿ?"

"ಅತ್ತಿಗೆ ಮೇಲಿನ ಪ್ರೀತಿ," ಎಂದು ಒಂದೇ ಸಾರ್ ಕಣ್ಣೊರೆಸಿಕೊಂಡರು. "ಒಳ್ಳೆ ಹುಡುಗ. ಆದ್ರೆ ವಿಜ್ಞಾನದಲ್ಲಿ ಇದೆಲ್ಲ ನಡೆಯಲ್ಲಪ್ಪ."

"ಊದಿ ತೋರಿಸು," ಎಂದರು ದೊಡ್ಡ ಮೇಡಂ. ಮನೆಗೆ ನಡೆದ ಆ ದಿನ ಅವರಿಗಿನ್ನೂ ಮರೆತಿರಲಿಲ್ಲ.

ಪೀಪಿ ಬಯಲಿಗೆ ಹೋಗಿ ಮರದ ಕೆಳಗೆ ನಿಂತು ತುಟಿ ಒದ್ದೆ ಮಾಡಿಕೊಂಡ. "ತೀ ತೀ ತುವೀ?" ಅನುಮಾನಕ್ಕನ ಮೈ ಜುಮ್ಮೆಂದಿತು, ಮರದೊಳಗಿನ ಹಕ್ಕಿ ಮರ ಬಿಟ್ಟು ಮೈದುನನ ಬಾಯೊಳಗೆ ಬಂದು ಕುಳಿತ ಹಾಗಿತ್ತು. ಅಣ್ಣ ಮತ್ತೆ ಬಿದ್ದ. ಈ ಸಲ ನೇರ ಪೀಪಿಯ ಟೋಪಿಯ ಮೇಲೆ. ಟೋಪಿಯನ್ನು ಕುಟ್ಟಿದ, ಎಳೆದ, ಬೈದ. ಪೀಪಿ ಕಣ್ಣು ಮುಚ್ಚಿಕೊಂಡು ಊದುತ್ತಲೇ ಜಾರಿದ: "ಟಿರ್ರಿರಿರಿ ಟುಂಯ್."

ಅಣ್ಣ ಕುಟ್ಟುವುದನ್ನು ನಿಲ್ಲಿಸಿದ. ಟೋಪಿಯ ಮೇಲೆ ಕುಳಿತೇ ಕತ್ತು ಹೊರಳಿಸಿ, ದಾಯಾದಿ ಎಲ್ಲಿ ಹೋದ ಎಂದು ಸುತ್ತ ಹುಡುಕಿದ. ಅವನ ಕಾಲಡಿಯಲ್ಲೇ ಒಂದು ಬಾಯಿ ಗಂಟಲು ಹರಿಯುವಂತೆ ಹಾಡುತ್ತಿತ್ತು. ಅವನಿಗೆ ಅದು ಕೇಳಿಸಿದಂತೆಯೇ ಇರಲಿಲ್ಲ. ಟೋಪಿಯ ಮೇಲೆ ಒಂದು ಗುರುತು ಬಿಟ್ಟು, ನಿಧಾನವಾಗಿ ಮೇಲಕ್ಕೆ ಹೋದ.

ದೊಡ್ಡ ಮೇಡಂ ಫಕ್ಕನೆ ನಕ್ಕರು. ಅನುಮಾನಕ್ಕ ನಗಲಿಲ್ಲ. ಅವಳ ಕಣ್ಣು ಸಣ್ಣದಾಗಿತ್ತು.

"ಅವನು ಯಾಕೆ ನಿಲ್ಲಿಸಿದ?" ಎಂದಳು.

"ಯಾರು?"

"ಅಣ್ಣ. ಅರ್ಧದಲ್ಲಿ ಯಾಕೆ ನಿಲ್ಲಿಸಿದ? ಮೊದಲನೇ ಸಲಾನೂ ನಿಲ್ಲಿಸಿದ." ಅವಳು ಮೈದುನನ ಮಣಿಕಟ್ಟು ಹಿಡಿದಳು. "ಬಾ ಕೊಳಕ್ಕೆ."

"ಹೊಡೀತೀರಾ ಅತ್ತಿಗೆ? ನೀರಿಗೆ ತಳ್ಳಬೇಡಿ, ನನಗೆ ಈಜು ಬರಲ್ಲ..."

"ಬಾಯಿ ಒಣಗಿಸ್ಕೋಬೇಡ. ಬಾ."

ಕೊಳದ ಬದಿಯ ಪೊದೆಯ ಮುಂದೆ ಅವನನ್ನು ನಿಲ್ಲಿಸಿ, ಉಳಿದಿಬ್ಬರನ್ನೂ ಜೊಂಡಿನ ಹಿಂದೆ ಕೂರಿಸಿ, "ಊದು. ಹಾಗೆಯೇ, ಪೂರ್ತಿ" ಎಂದಳು.

ಪೀಪಿ ಅಣ್ಣನಾಗಿ ಶುರುಮಾಡಿದ. ಪೊದೆಯಲ್ಲಿ ಎಲೆ ಅಲುಗಲಿಲ್ಲ. ತಮ್ಮ ಕೆಳಗಿನ ಕಡ್ಡಿಯ ಮೇಲೆ ಕಾಣುವಂತೆಯೇ ಕುಳಿತಿದ್ದ. ಹುಳವೊಂದನ್ನು ಕೊಂಬೆಗೆ ಬಡಿದು ಬಡಿದು ತಿನ್ನುತ್ತಿದ್ದ. ಪ್ರಶ್ನೆಯ ಮೇಲೆ ಪ್ರಶ್ನೆ ಬಿದ್ದರೂ ತಲೆಯೆತ್ತಲಿಲ್ಲ. ಸಿಳ್ಳೆ ಜಾರಿತು. "ಟಿರ್ರಿ..." ಎಂಬಷ್ಟರಲ್ಲಿ ಹುಳ ಬಾಯಿಂದ ಬಿತ್ತು. ಹಕ್ಕಿ ಬಾಣದ ಹಾಗೆ ಬಂದು ಪೀಪಿಯ ಮೂಗಿನ ಮುಂದೆಯೇ ರೆಕ್ಕೆ ಬಡಿದು, ಸುತ್ತಿ, ಅವನ ಭುಜದ ಮೇಲೆ ಎರಗಿ, ಮತ್ತೆ ಸುತ್ತಿ, ಟಿರ್ರಿರಿರಿ ಎಂದು ಕೂಗಿ ಕೂಗಿ ಗದ್ದಲವೆಬ್ಬಿಸಿತು.

ಪೀಪಿಯ ಉಸಿರು ಮುಗಿಯಿತು.

"ಸಾರ್," ಅನುಮಾನಕ್ಕ ಜೊಂಡಿನ ಕಡೆ ತಿರುಗಿದಳು. "ಒಂದೇ ಬಾಯಿ, ಒಂದೇ ಉಸಿರು, ಒಂದೇ ಹಕ್ಕಿ, ಒಂದೇ ಗಳಿಗೆ. ನಿಮಗಿಷ್ಟವಾದ ಒಂದೇ ಎಲ್ಲಾ ಇದೆ. ಈಗ ಹೇಳಿ, ಅಣ್ಣನಿಗೆ ಅರ್ಧ ಹಾಡಿಗೆ ಮೂಡ್ ಬಂದು ಅರ್ಧಕ್ಕೆ ಹೋಯ್ತಾ? ತಮ್ಮನಿಗೆ ಅರ್ಧಕ್ಕೆ ಇರದೆ ಅರ್ಧಕ್ಕೆ ಬಂತಾ?"

ಒಂದೇ ಸಾರ್ ಬಾಯಿ ತೆರೆದರು. ಆಕ್ಷೇಪ ನಾಲಿಗೆಯ ತುದಿಯವರೆಗೆ ಬಂದು, ಬಂದ ದಾರಿಯಲ್ಲೇ ವಾಪಸಾದದ್ದು ಎಲ್ಲರಿಗೂ ಕಾಣಿಸಿತು. "ಅದು... ಇನ್ನೂ ಹತ್ತಾರು ಹಕ್ಕಿ ಮೇಲೆ ಮಾಡಿ ನೋಡಬೇಕಮ್ಮಾ," ಎಂದರು ಕೊನೆಗೆ. ಆಮೇಲೆ ಮೆಲ್ಲಗೆ, "ಆದ್ರೆ ಇಂಥ ಪರೀಕ್ಷೆ ನನಗೆ ಹೊಳೆದಿರಲಿಲ್ಲ ನೋಡು."

"ನನಗೂ ಹೊಳೆದಿರಲಿಲ್ಲ ಸಾರ್."

"ಮತ್ತೆ ಯಾರಿಗೆ ಹೊಳೀತು?" ಎಂದರು ಮೇಡಂ.

ಮೂವರೂ ಪೀಪಿಯನ್ನು ನೋಡಿದರು. ಓರೆಯಾದ ಟೋಪಿ, ಕೆಂಪೇರಿದ ಮೂಗು, ತುಟಿ ಇನ್ನೂ ಚೂಪು. ಅವಳು ಮೂರು ವರ್ಷ ತಲೆ ಕೆರೆದುಕೊಂಡರೂ ಸಿಗದಿದ್ದ ಪರೀಕ್ಷೆಯನ್ನು ಅವನು ಅವಳ ತಲೆ ಕೆಡಿಸಲೆಂದೇ, ಒಂದು ಉಸಿರಿನಲ್ಲಿ, ಬಿದಿರುಮೆಳೆಯ ಬಳಿ ಮಾಡಿ ಮುಗಿಸಿದ್ದ.

ಅನುಮಾನಕ್ಕನ ಭುಜ ಅಲುಗಿತು. ಅವಳು ಮುಖ ಮುಚ್ಚಿಕೊಂಡು ಕೊಳದ ದಂಡೆಯ ಮೇಲೆ ಕುಸಿದಳು. ಪೀಪಿ ಓಡಿಬಂದು ಮುಂದೆ ಮಂಡಿಯೂರಿದ.

"ಅಳಬೇಡಿ ಅತ್ತಿಗೆ! ನಾಲ್ಕು ಬಾರಿಸಿಬಿಡಿ ಬೇಕಾದ್ರೆ, ಅಳಬೇಡಿ."

ಅವಳು ಕೈ ತೆಗೆದಳು. ಅಳುತ್ತಿರಲಿಲ್ಲ. ನಗು ಗಂಟಲಿಗೆ ಸಿಕ್ಕಿಕೊಂಡು ಹೊರಬರುವ ದಾರಿ ಹುಡುಕುತ್ತಿತ್ತು. ಅವನ ಟೋಪಿಯ ಮೇಲಿನ ಬಿಳಿ ಗುರುತು ಕಣ್ಣಿಗೆ ಬಿದ್ದದ್ದೇ ತಡ, ದಾರಿ ಸಿಕ್ಕಿತು. ಮೇಡಂ ನಕ್ಕರು, ಪೀಪಿ ನಕ್ಕ, ಒಂದೇ ಸಾರ್ ಕೂಡ ಒಂದೇ ಒಂದು ಸಲ ನಕ್ಕರು. ಆದರೆ ಆ ಮೂವರ ನಗುವನ್ನು ಸೇರಿಸಿ ಕಟ್ಟಿದರೂ ಅವಳದರ ಮೊಣಕಾಲಿಗೆ ಬರುತ್ತಿರಲಿಲ್ಲ. ಹೊಟ್ಟೆ ಹಿಡಿದುಕೊಂಡು, ನೆಲ ಬಡಿದು, ಮೈದುನನ ಬೆನ್ನಿಗೆ ಎರಡು ಗುದ್ದಿ, ಉಸಿರು ಎಳೆದುಕೊಂಡು ಮತ್ತೆ ಮೊದಲಿಂದ ಶುರುಮಾಡುತ್ತಿದ್ದಳು. ಪೊದೆಯಲ್ಲಿ ತಮ್ಮ ಬಾಯಿ ಮುಚ್ಚಿಕೊಂಡ. ದೂರದ ಮರದಲ್ಲಿ ಅಣ್ಣನೂ. ಇಬ್ಬರೂ ಕಿವಿಗೊಟ್ಟು ಕೇಳಿದ ಮೊದಲ ಒಂದೇ ಹಾಡು ಅವಳ ಆ ನಗು.